ಡೇಟಾಬೇಸಿನ ಎಲ್ಲ ಟೇಬಲ್‌ಗಳ ಸಾಲು ಎಣಿಸುವುದು: ಅಂದಾಜು ಯಾವುದು, ಖಚಿತ ಯಾವುದು

ಕೊಡಗಿನ ಪೊನ್ನಂಪೇಟೆ ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘ ಎಂದಿಟ್ಟುಕೊಳ್ಳಿ. ಹದಿನೈದಿಪ್ಪತ್ತು ವರ್ಷದಿಂದ ಒಂದೇ ತಂತ್ರಾಂಶದಲ್ಲಿ ಲೆಕ್ಕ ಬರೆಯುತ್ತ ಬಂದಿದೆ. ಸದಸ್ಯರ ಪಟ್ಟಿ, ಷೇರು, ಪಿಗ್ಮಿ, ನಿರಖು ಠೇವಣಿ, ಕೆಸಿಸಿ ಬೆಳೆಸಾಲ, ಗೊಬ್ಬರದ ದಾಸ್ತಾನು, ಕಾಫಿ ಕರಿಮೆಣಸು ಗೋದಾಮಿನಲ್ಲಿಟ್ಟು ಪಡೆದ ಈಡಿನ ಸಾಲ, ಎಲ್ಲವೂ ಅದರೊಳಗೇ ಇದೆ. ಈಗ ಹೊಸ ತಂತ್ರಾಂಶಕ್ಕೆ ಹೋಗಬೇಕು. ಇದು ಒಂದೆರಡು ಸಂಘಗಳ ಮಾತಲ್ಲ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಲೆಕ್ಕ ಸಾಗಿಸುವ ಕೆಲಸ ಹೀಗೆ ಹಳ್ಳಿ ಹಳ್ಳಿಗೆ ಬಂದಿದೆ.

ಸಾಗಿಸಿದ ಮೇಲೆ ಸಂಘದ ಕಾರ್ಯದರ್ಶಿ ಕೇಳುವುದು ಒಂದೇ ಪ್ರಶ್ನೆ: ‘ಎಲ್ಲಾ ಬಂದಿದೆಯಾ?’ ಇದಕ್ಕೆ ಮೊದಲ ಉತ್ತರ ಸಿಗುವುದು ಸಾಲುಗಳ ಎಣಿಕೆಯಲ್ಲಿ. ಹಳೆಯ ಡೇಟಾಬೇಸಿನ ಪ್ರತಿ ಟೇಬಲ್‌ನಲ್ಲಿ, ಅಂದರೆ ಒಂದೊಂದು ಬಗೆಯ ಲೆಕ್ಕದ ಪಟ್ಟಿಯಲ್ಲಿ, ಎಷ್ಟು ಸಾಲು ಇತ್ತು, ಹೊಸದರಲ್ಲಿ ಎಷ್ಟಿದೆ ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. ಕೇಳುವುದಕ್ಕೆ ಸುಲಭ. ಮಾಡಲು ಹೊರಟರೆ ಒಂದೇ ಟೇಬಲ್‌ಗೆ ಮೂರು ಕಡೆ ಮೂರು ಸಂಖ್ಯೆ ಸಿಗುತ್ತದೆ. ಯಾವುದನ್ನು ನಂಬಬೇಕು, ಯಾಕೆ ನಂಬಬೇಕು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಕೆಲಸ. ಇಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಹೊಡೆಯುವಾಗ ಆಜ್ಞೆಯ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಒಂದು ಟೇಬಲ್ ಎಣಿಸುವಾಗ

ಸದಸ್ಯರ ಟೇಬಲ್ ಎಣಿಸಲು ಬೇಕಾದದ್ದು ಇಷ್ಟೇ:

ಸೆಲೆಕ್ಟ್ ಕೌಂಟ್(*) ಫ್ರಮ್ ಸದಸ್ಯರು;

ಆವರಣದೊಳಗಿನ ನಕ್ಷತ್ರ ಚಿಹ್ನೆಗೆ ‘ಸಾಲಿನೊಳಗೆ ಏನಿದೆ ಎಂದು ನೋಡಬೇಡ, ಸಾಲು ಇದೆಯೋ ಇಲ್ಲವೋ ಅಷ್ಟೇ ಹೇಳು’ ಎಂಬ ಅರ್ಥ. ಅದರ ಜಾಗದಲ್ಲಿ ಒಂದು ಕಾಲಮ್ಮಿನ ಹೆಸರು ಕೊಟ್ಟರೆ ಲೆಕ್ಕವೇ ಬೇರೆಯಾಗುತ್ತದೆ. ಕೌಂಟ್(ಆಧಾರ್) ಎಂದರೆ ಆಧಾರ್ ಸಂಖ್ಯೆ ತುಂಬಿರುವ ಸಾಲುಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಅದು ನಲ್ ಆಗಿರುವ, ಅಂದರೆ ಏನನ್ನೂ ದಾಖಲಿಸದ, ಹಳೆಯ ಸದಸ್ಯರೆಲ್ಲ ಬಿಟ್ಟುಹೋಗುತ್ತಾರೆ. ಕೌಂಟ್(1) ಎಂದು ಬರೆದರೆ ಬೇಗ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದಕ್ಕೂ ನಕ್ಷತ್ರಕ್ಕೂ ಇಂದಿನ ಪ್ರಮುಖ ಡೇಟಾಬೇಸ್‌ಗಳಲ್ಲಿ ವ್ಯತ್ಯಾಸವಿಲ್ಲ.

ಈ ಆಜ್ಞೆ ಕೊಟ್ಟಾಗ ಒಳಗೆ ಏನು ನಡೆಯುತ್ತದೆ ಎಂಬುದರಲ್ಲೇ ಮುಂದಿನ ಎಲ್ಲ ಗೊಂದಲದ ಬೇರು ಇದೆ. ಎಲ್ಲೋ ಒಂದು ಕಡೆ ‘ಒಟ್ಟು ಸಾಲು’ ಎಂದು ಬರೆದಿಟ್ಟಿರುತ್ತಾರೆ, ಡೇಟಾಬೇಸ್ ಅದನ್ನು ಓದಿ ಹೇಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಡೇಟಾಬೇಸ್‌ಗಳಲ್ಲಿ ಹಾಗಿಲ್ಲ. ಪೋಸ್ಟ್‌ಗ್ರೆಸ್, ಒರಾಕಲ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಶೇಖರಣಾ ಮಾದರಿ, ಎಸ್‌ಕ್ಯೂಎಲ್ ಸರ್ವರ್ ಇವೆಲ್ಲ ಈ ಆಜ್ಞೆಗೆ ಇಡೀ ಟೇಬಲ್ಲನ್ನೋ ಅದರ ಒಂದು ಇಂಡೆಕ್ಸನ್ನೋ (ಪುಸ್ತಕದ ಕೊನೆಯ ಪದಸೂಚಿಯಂತೆ ಬೇಗ ಹುಡುಕಲು ಇಟ್ಟ ಪಟ್ಟಿ) ಮೊದಲಿಂದ ಕೊನೆವರೆಗೆ ಓದುತ್ತವೆ. ಇಂಡೆಕ್ಸ್ ಟೇಬಲ್ಲಿಗಿಂತ ಚಿಕ್ಕದಾದ್ದರಿಂದ ಸಾಧ್ಯವಾದಲ್ಲಿ ಅದನ್ನೇ ಹಿಡಿಯುತ್ತವೆ. ಸದಸ್ಯರ ಟೇಬಲ್‌ನಲ್ಲಿ ಕೆಲವು ಸಾವಿರ ಸಾಲಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಪಿಗ್ಮಿಯ ದಿನವಹಿ ಜಮೆಗಳಂಥ ಟೇಬಲ್‌ನಲ್ಲಿ ಇಪ್ಪತ್ತು ವರ್ಷದ ಲಕ್ಷಾಂತರ ಸಾಲು ಕೂತಿರುತ್ತವೆ. ಅಲ್ಲಿ ಕಾಯಬೇಕು.

ಒಟ್ಟು ಸಂಖ್ಯೆಯನ್ನು ಯಾಕೆ ಬರೆದಿಡುವುದಿಲ್ಲ?

ಕೌಂಟರಿನಲ್ಲಿ ಇಬ್ಬರು ಗುಮಾಸ್ತರಿದ್ದಾರೆ. ಒಬ್ಬರು ಹೊಸದಾಗಿ ಸೇರಿದ ನಲವತ್ತು ಸದಸ್ಯರ ಅರ್ಜಿಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಎಲ್ಲವೂ ಒಟ್ಟಿಗೆ ಉಳಿಯುವ ಅಥವಾ ಒಟ್ಟಿಗೆ ರದ್ದಾಗುವ ಒಂದು ಕಂತಿನಲ್ಲಿ, ತುಂಬುತ್ತಿದ್ದಾರೆ. ಇನ್ನೂ ಕಮಿಟ್ ಮಾಡಿಲ್ಲ, ಅಂದರೆ ಖಾಯಂ ಮಾಡಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬರು ಸದಸ್ಯರ ಸಂಖ್ಯೆ ಕೇಳುತ್ತಾರೆ. ಅವರಿಗೆ ಆ ನಲವತ್ತು ಕಾಣಬಾರದು, ಏಕೆಂದರೆ ಮೊದಲನೆಯವರು ಮನಸ್ಸು ಬದಲಿಸಿ ಎಲ್ಲವನ್ನೂ ರದ್ದು ಮಾಡಬಹುದು. ಆದರೆ ಮೊದಲನೆಯವರೇ ಕೇಳಿದರೆ ಅವರು ತುಂಬಿದ ನಲವತ್ತೂ ಸೇರಿಯೇ ಬರಬೇಕು. ಒಂದೇ ಕ್ಷಣ, ಒಂದೇ ಟೇಬಲ್, ಎರಡು ಉತ್ತರ, ಎರಡೂ ಸರಿ. ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಎಂಬುದೇ ಇಲ್ಲದಿರುವಾಗ ಅದನ್ನು ಬರೆದಿಡುವುದು ಹೇಗೆ?

ಪೋಸ್ಟ್‌ಗ್ರೆಸ್ ಇದಕ್ಕಾಗಿ ಪ್ರತಿ ಸಾಲಿನ ಜೊತೆ ಎರಡು ಗುಪ್ತ ಗುರುತು ಇಡುತ್ತದೆ: ಈ ಸಾಲನ್ನು ಯಾವ ಟ್ರಾನ್ಸಾಕ್ಷನ್ ಹುಟ್ಟಿಸಿತು, ಯಾವುದು ಅಳಿಸಿತು ಅಥವಾ ತಿದ್ದಿತು. ಎಣಿಸುವಾಗ ಪ್ರತಿ ಸಾಲಿನ ಗುರುತು ನೋಡಿ ‘ಇದು ನನಗೆ ಕಾಣಬೇಕಾದದ್ದೇ?’ ಎಂದು ತೀರ್ಮಾನಿಸುತ್ತದೆ. ಆದ್ದರಿಂದಲೇ ಅಲ್ಲಿ ಬಹುಕಾಲ ಇಂಡೆಕ್ಸ್ ಇದ್ದರೂ ಟೇಬಲ್ಲಿನ ಪುಟಗಳನ್ನೇ ತೆರೆಯಬೇಕಿತ್ತು. ಯಾವ ಪುಟದ ಸಾಲುಗಳೆಲ್ಲ ಎಲ್ಲರಿಗೂ ಕಾಣುತ್ತವೆ ಎಂದು ಬೇರೆಯಾಗಿ ಗುರುತಿಟ್ಟು, ಆ ಪುಟಗಳನ್ನು ತೆರೆಯದೆ ಇಂಡೆಕ್ಸಿನಿಂದಲೇ ಎಣಿಸುವ ಸೌಲಭ್ಯ 2012ರ 9.2 ಆವೃತ್ತಿಯಲ್ಲಿ ಬಂತು.

ಟ್ರಾನ್ಸಾಕ್ಷನ್ ಗೊಡವೆಯೇ ಇಲ್ಲದ ವ್ಯವಸ್ಥೆಗಳಲ್ಲಿ ಈ ತೊಡಕಿಲ್ಲ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಮಾದರಿ ಒಟ್ಟು ಸಂಖ್ಯೆಯನ್ನು ಬರೆದೇ ಇಡುತ್ತದೆ. ಎಷ್ಟು ದೊಡ್ಡ ಟೇಬಲ್ಲಾದರೂ ಷರತ್ತಿಲ್ಲದ ಎಣಿಕೆಗೆ ತಕ್ಷಣ ಉತ್ತರ ಬರುತ್ತದೆ, ಅದೂ ಖಚಿತವಾಗಿ. 5.5 ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ತಾನಾಗಿ ಹಿಡಿಯುವ ಮಾದರಿ ಇನ್ನೋಡಿಬಿ ಆಯಿತು. ಹಳೆಯದರಿಂದ ಹೊಸದಕ್ಕೆ ಬಂದವರು ‘ಎಣಿಕೆ ಯಾಕೋ ನಿಧಾನವಾಯಿತು’ ಎನ್ನುವುದರ ಕಾರಣ ಇದೇ. ಕರೆಂಟ್ ಹೋದಾಗ ಅರ್ಧಂಬರ್ಧ ಬರೆದ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಸಿಕ್ಕಿದ್ದಕ್ಕೆ ತೆತ್ತ ಬೆಲೆ ಅದು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ನಮ್ಮ ಜಿಲ್ಲೆಯಲ್ಲಿ ಆ ಬೆಲೆ ತೆರುವುದೇ ಸರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬರೆದಿಟ್ಟ ಅಂದಾಜುಗಳು

ಹಾಗಿದ್ದರೂ ಹೆಚ್ಚಿನ ಡೇಟಾಬೇಸ್‌ಗಳಲ್ಲಿ ಸಾಲುಗಳ ಒಂದು ಸಂಖ್ಯೆ ಎಲ್ಲೋ ಇರುತ್ತದೆ. ಎಲ್ಲ ಟೇಬಲ್‌ಗಳ ಲೆಕ್ಕ ಕ್ಷಣದಲ್ಲಿ ಬೇಕು ಎಂದು ಹುಡುಕುವವರಿಗೆ ಮೊದಲು ಸಿಗುವುದು ಇದೇ. ಅದು ಇರುವುದು ನಮಗಾಗಿ ಅಲ್ಲ, ಡೇಟಾಬೇಸಿನ ಆಪ್ಟಿಮೈಸರ್‌ಗಾಗಿ, ಅಂದರೆ ಉತ್ತರ ತರುವ ದಾರಿಯನ್ನು ಆರಿಸುವ ಭಾಗಕ್ಕಾಗಿ.

ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟಾಗ ಅದರ ದೊಡ್ಡ ಮಾತು ಇದಾಗಿತ್ತು: ಬಳಸುವವರು ಏನು ಬೇಕೆಂದು ಹೇಳಿದರೆ ಸಾಕು, ಎಲ್ಲಿಂದ ಹೇಗೆ ತರಬೇಕೆಂಬುದನ್ನು ಯಂತ್ರ ನೋಡಿಕೊಳ್ಳಲಿ. ಹಾಗೆ ನೋಡಿಕೊಳ್ಳಬೇಕಾದರೆ ಯಂತ್ರಕ್ಕೆ ಯಾವ ಟೇಬಲ್ ದೊಡ್ಡದು, ಯಾವುದು ಚಿಕ್ಕದು ಎಂಬ ಅಂದಾಜು ಬೇಕು. ಐಬಿಎಂನಲ್ಲಿ ಸಿಸ್ಟಮ್ ಆರ್ ಕಟ್ಟಿದ ತಂಡದ ಪ್ಯಾಟ್ರಿಷಿಯಾ ಸೆಲಿಂಜರ್ ಮತ್ತು ಜೊತೆಗಾರರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರತಿ ಟೇಬಲ್‌ನ ಸಾಲುಗಳ ಸಂಖ್ಯೆ ಒಂದು ಮುಖ್ಯ ಅಂಕಿ. ಪ್ರತಿ ಸಾಲು ಸೇರಿದಾಗಲೂ ಅಳಿದಾಗಲೂ ಆ ಅಂಕಿಯನ್ನು ತಿದ್ದುವುದಿಲ್ಲ, ತಿದ್ದಲು ಹೊರಟರೆ ಎಲ್ಲರೂ ಅದೊಂದೇ ಜಾಗದ ಬೀಗಕ್ಕಾಗಿ ಸಾಲುಗಟ್ಟಬೇಕಾಗುತ್ತದೆ ಎಂದು ಅವರು ಅಲ್ಲೇ ಹೇಳಿದ್ದಾರೆ. ಆಗಾಗ ಒಂದು ಆಜ್ಞೆ ಕೊಟ್ಟು ಹೊಸದು ಮಾಡಿಕೊಂಡರಾಯಿತು ಎಂಬುದು ಅವರ ಏರ್ಪಾಡು. ಇಷ್ಟು ವರ್ಷ ಕಳೆದರೂ ಹೆಚ್ಚಿನ ಡೇಟಾಬೇಸ್‌ಗಳು ಅದೇ ದಾರಿಯಲ್ಲಿವೆ.

ತೋಟದವರಿಗೆ ಇದು ಹೊಸ ವಿಚಾರವೇನಲ್ಲ. ಕಾಫಿ ಮಂಡಳಿ ಪ್ರತಿ ವರ್ಷ ಹೂವಾದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಬೆಳೆಯ ಅಂದಾಜು ಕೊಡುತ್ತದೆ. ಬೆಳೆಗಾರರೂ ನಾಲ್ಕು ಕಡೆ ಗಿಡ ನೋಡಿ, ರೆಕ್ಕೆಗೆ, ಅಂದರೆ ಅಡ್ಡಕೊಂಬೆಗೆ, ಎಷ್ಟು ಕಾಯಿ ನಿಂತಿದೆ ಎಂದು ಲೆಕ್ಕ ಹಾಕಿ, ಈ ಸಲ ಇಷ್ಟು ಮೂಟೆ ಆಗಬಹುದು ಎನ್ನುತ್ತಾರೆ. ಎಷ್ಟು ಆಳು ಬೇಕು, ಎಷ್ಟು ಗೋಣಿ ತರಿಸಬೇಕು ಎಂದು ನಿರ್ಧರಿಸಲು ಅಷ್ಟು ಸಾಕು. ದುಡ್ಡು ಎಣಿಸುವುದು ಮಾತ್ರ ಕಣದಲ್ಲಿ ಒಣಗಿ, ಮೂಟೆಯಾಗಿ, ತಕ್ಕಡಿ ಮೇಲೆ ಕೂತ ತೂಕಕ್ಕೆ. ಡೇಟಾಬೇಸ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಪಟ್ಟಿ, ಅಂದರೆ ಕ್ಯಾಟಲಾಗಿನಲ್ಲಿರುವ ಸಾಲುಗಳ ಸಂಖ್ಯೆ ಮೊದಲ ಬಗೆಯದು, ಕೌಂಟ್(*) ಎರಡನೆಯ ಬಗೆಯದು.

ಅಂದಾಜು ಎಷ್ಟರ ಮಟ್ಟಿಗೆ ತಪ್ಪಬಹುದು ಎಂಬುದು ಡೇಟಾಬೇಸಿನಿಂದ ಡೇಟಾಬೇಸಿಗೆ ಬೇರೆ. ಮೈಎಸ್‌ಕ್ಯೂಎಲ್‌ನಲ್ಲಿ ಇನ್ಫರ್ಮೇಷನ್ ಸ್ಕೀಮಾದ ಟೇಬಲ್ಸ್ ಎಂಬ ಪಟ್ಟಿಯಲ್ಲಿ ಟೇಬಲ್_ರೋಸ್ ಎಂಬ ಕಾಲಮ್ ಇದೆ. ಒಂದೇ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೇಳುವ ಒಂದೇ ಪ್ರಶ್ನೆಯಲ್ಲಿ, ಎಲ್ಲ ಟೇಬಲ್‌ಗಳ ಸಂಖ್ಯೆ ಬಂದುಬಿಡುತ್ತದೆ. ಇನ್ನೋಡಿಬಿ ಟೇಬಲ್‌ಗಳಿಗೆ ಈ ಸಂಖ್ಯೆ ನಿಜಕ್ಕಿಂತ 40ರಿಂದ 50 ಶೇಕಡಾದಷ್ಟು ಆಚೀಚೆ ಇರಬಹುದು ಎಂದು ಮೈಎಸ್‌ಕ್ಯೂಎಲ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಕಾರಣ ಸರಳ: ಹಾಗೇ ಬಿಟ್ಟರೆ ಅದು ಒಂದು ಇಂಡೆಕ್ಸಿನ ಬರೀ 20 ಪುಟ ತೆಗೆದು ನೋಡಿ ಉಳಿದದ್ದನ್ನು ಗುಣಿಸಿ ಹೇಳುತ್ತದೆ. 8.0 ಆವೃತ್ತಿಯಲ್ಲಿ ಇನ್ನೊಂದು ಸೂಕ್ಷ್ಮ ಸೇರಿಕೊಂಡಿತು. ಹೀಗೆ ತೆಗೆದ ಅಂಕಿಯನ್ನು 86,400 ಸೆಕೆಂಡು, ಅಂದರೆ ಒಂದು ಇಡೀ ದಿನ, ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಖಾಲಿ ಟೇಬಲ್ ನೋಡಿ, ಮಧ್ಯಾಹ್ನ ಹಳೆಯ ಲೆಕ್ಕವೆಲ್ಲ ತುಂಬಿ, ಸಂಜೆ ಮತ್ತೆ ನೋಡಿದರೆ ಸೊನ್ನೆಯೇ ಕಾಣಬಹುದು. ಅನಲೈಜ್ ಟೇಬಲ್ ಎಂಬ ಆಜ್ಞೆ ಕೊಟ್ಟರೆ ಅಂಕಿ ಹೊಸದಾಗುತ್ತದೆ, ಅದೂ ಹೊಸ ಅಂದಾಜೇ.

ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಕಡೆ ನೋಡಬಹುದು. ಪಿಜಿ_ಕ್ಲಾಸ್ ಎಂಬ ಕ್ಯಾಟಲಾಗಿನ ರೆಲ್‌ಟಪಲ್ಸ್ ಕಾಲಮ್ ಒಂದು. ಅದು ಮುಖ್ಯವಾಗಿ ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ತೆರವು ಮಾಡುವುದು) ಅಥವಾ ಅನಲೈಜ್ (ಅಂದಾಜು ಹೊಸದು ಮಾಡುವುದು) ನಡೆದಾಗ ತಿದ್ದಲ್ಪಡುತ್ತದೆ. ಒಮ್ಮೆಯೂ ನಡೆಯದ ಟೇಬಲ್‌ಗೆ 14ನೇ ಆವೃತ್ತಿಯಿಂದ ಋಣ ಒಂದು ಎಂದು ತೋರಿಸುತ್ತದೆ. ಅದರ ಹಿಂದಿನವುಗಳಲ್ಲಿ ಸೊನ್ನೆ ತೋರಿಸುತ್ತಿತ್ತು, ಖಾಲಿ ಟೇಬಲ್ ಯಾವುದು, ನೋಡದ ಟೇಬಲ್ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ತಾನಾಗಿ ಅನಲೈಜ್ ನಡೆಯಬೇಕಾದರೆ ಸಾಮಾನ್ಯವಾಗಿ 50 ಸಾಲು ಮತ್ತು ಟೇಬಲ್‌ನ ಹತ್ತನೇ ಒಂದು ಭಾಗ ಸೇರಿಸಿದಷ್ಟು ಬದಲಾವಣೆ ಆಗಿರಬೇಕು. ಸಂಘದ ಶಾಖೆಗಳು, ಬಡ್ಡಿದರಗಳು, ಗೊಬ್ಬರದ ಬಗೆಗಳು ಇಂಥ ಹತ್ತಿಪ್ಪತ್ತು ಸಾಲಿನ ಟೇಬಲ್‌ಗಳು ಆ ಮಿತಿಯನ್ನು ಮುಟ್ಟುವುದೇ ಇಲ್ಲ. ಅವುಗಳ ಅಂಕಿ ಕ್ಯಾಟಲಾಗಿನಲ್ಲಿ ವರ್ಷಗಟ್ಟಲೆ ತಪ್ಪಾಗಿಯೇ ಇರಬಹುದು.

ಇನ್ನೊಂದು ಜಾಗ ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್. ಅದರ ಎನ್_ಲೈವ್_ಟಪ್ ಎಂಬ ಕಾಲಮ್ ಸಾಲುಗಳು ಸೇರಿದಂತೆ, ಅಳಿದಂತೆ ಏರಿಳಿಯುತ್ತದೆ, ಆದ್ದರಿಂದ ಹೆಚ್ಚು ತಾಜಾ ಎನಿಸುತ್ತದೆ. ಇದನ್ನು ಬಳಸುವವರು ಒಂದು ವಿಷಯ ತಿಳಿದಿರಬೇಕು. ಸರ್ವರ್ ಸರಿಯಾಗಿ ಮುಚ್ಚದೆ ನಿಂತುಹೋಗಿ ಮತ್ತೆ ಎದ್ದಾಗ ಈ ಎಣಿಕೆಗಳೆಲ್ಲ ಅಳಿದು ಸೊನ್ನೆಯಿಂದ ಶುರುವಾಗುತ್ತವೆ. ಡೇಟಾ ಎಲ್ಲಿಗೂ ಹೋಗಿರುವುದಿಲ್ಲ, ಒಂದು ಸಾಲೂ ಕಳೆದಿರುವುದಿಲ್ಲ. ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು, ಮರುದಿನ ಬೆಳಿಗ್ಗೆ ಈ ಪಟ್ಟಿ ತೆರೆದವರಿಗೆ ಎಲ್ಲ ಟೇಬಲ್‌ಗಳ ಮುಂದೆ ಸೊನ್ನೆ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಆ ಗಾಬರಿಯಲ್ಲಿ ಹಳೆಯ ಬ್ಯಾಕಪ್ ತಂದು ಮೇಲೆ ಹಾಕಿಬಿಟ್ಟರೆ ಆಗ ನಿಜವಾಗಿಯೂ ಲೆಕ್ಕ ಕಳೆದುಹೋಗುತ್ತದೆ. ಯಾವುದಾದರೂ ಒಂದು ಟೇಬಲ್‌ಗೆ ಕೌಂಟ್(*) ಕೊಟ್ಟು ನೋಡಿದರೆ ಸಂಶಯ ತೀರುತ್ತದೆ.

ಒರಾಕಲ್‌ನಲ್ಲಿ ಯೂಸರ್_ಟೇಬಲ್ಸ್ ಪಟ್ಟಿಯ ನಮ್_ರೋಸ್ ಕಾಲಮ್ ಇದೆ. ಅದರ ಪಕ್ಕದ ಲಾಸ್ಟ್_ಅನಲೈಜ್ಡ್ ಎಂಬ ದಿನಾಂಕವನ್ನು ಓದದೆ ಆ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಎಸ್‌ಕ್ಯೂಎಲೈಟ್ ತಾನಾಗಿ ಒಟ್ಟು ಸಂಖ್ಯೆ ಬರೆದಿಡುವುದಿಲ್ಲ, ಎಣಿಸಿಯೇ ತಿಳಿಯಬೇಕು.

ಎಸ್‌ಕ್ಯೂಎಲ್ ಸರ್ವರ್ ಇವೆಲ್ಲಕ್ಕಿಂತ ವಾಸಿ. ಸಿಸ್.ಪಾರ್ಟಿಷನ್ಸ್ ಎಂಬ ಪಟ್ಟಿಯ ರೋಸ್ ಕಾಲಮ್ ಸಾಮಾನ್ಯ ದಿನಗಳಲ್ಲಿ ನಿಜಕ್ಕೆ ತೀರಾ ಹತ್ತಿರವಿರುತ್ತದೆ. ಆದರೂ ಮೈಕ್ರೋಸಾಫ್ಟ್‌ನ ಕೈಪಿಡಿ ಅದನ್ನು ಅಂದಾಜು ಎಂದೇ ಕರೆಯುತ್ತದೆ. ಅಲ್ಲಿ ಎಡವುವುದು ಬೇರೆ ಕಡೆ. ಆ ಪಟ್ಟಿಯಲ್ಲಿ ಟೇಬಲ್‌ಗೆ ಒಂದು ಸಾಲು, ಅದರ ಪ್ರತಿ ಇಂಡೆಕ್ಸಿಗೆ ಮತ್ತೊಂದೊಂದು ಸಾಲು ಇರುತ್ತದೆ. ಸುಮ್ಮನೆ ಕೂಡಿಸಿದರೆ ಮೂರು ಹೆಚ್ಚುವರಿ ಇಂಡೆಕ್ಸ್ ಇರುವ ಟೇಬಲ್ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇಂಡೆಕ್ಸ್_ಐಡಿ 0 ಅಥವಾ 1 ಇರುವ ಸಾಲುಗಳನ್ನು ಮಾತ್ರ ತೆಗೆದುಕೊಳ್ಳಬೇಕು. 0 ಎಂದರೆ ಕ್ರಮವಿಲ್ಲದೆ ರಾಶಿ ಬಿದ್ದ ಟೇಬಲ್, 1 ಎಂದರೆ ಕ್ಲಸ್ಟರ್ಡ್ ಇಂಡೆಕ್ಸಿನ ಕ್ರಮದಲ್ಲಿ ಜೋಡಿಸಿದ ಟೇಬಲ್. ಒಂದು ಟೇಬಲ್‌ಗೆ ಇವೆರಡರಲ್ಲಿ ಒಂದೇ ಇರುತ್ತದೆ.

ಹಳೆಯ ಡಿಬಿಎಫ್ ಕಡತಗಳ ವಿಚಾರ

ಸಣ್ಣ ಸಂಘ, ಸಣ್ಣ ಅಂಗಡಿಗಳ ಹಳೆಯ ತಂತ್ರಾಂಶಗಳಲ್ಲಿ ಫಾಕ್ಸ್‌ಪ್ರೊ ಬಳಸಿದವು ಇನ್ನೂ ಸಿಗುತ್ತವೆ. ಅಲ್ಲಿ ಪ್ರತಿ ಟೇಬಲ್ ಒಂದೊಂದು ಡಿಬಿಎಫ್ ಕಡತ. ಕಡತದ ತಲೆಬರಹದಲ್ಲೇ ಒಟ್ಟು ದಾಖಲೆಗಳ ಸಂಖ್ಯೆ ನಾಲ್ಕು ಬೈಟ್‌ಗಳಲ್ಲಿ ಬರೆದಿರುತ್ತದೆ. ರೆಕ್‌ಕೌಂಟ್ ಎಂದು ಕೇಳಿದರೆ ಆ ಸಂಖ್ಯೆಯೇ ಬರುತ್ತದೆ, ಕಾಯುವ ಮಾತೇ ಇಲ್ಲ.

ಆದರೆ ಫಾಕ್ಸ್‌ಪ್ರೊದಲ್ಲಿ ದಾಖಲೆ ಅಳಿಸಿದರೆ ಅದು ಕಡತದಿಂದ ಹೋಗುವುದಿಲ್ಲ. ಅದರ ಮೊದಲ ಬೈಟ್‌ನಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೇ. ಪ್ಯಾಕ್ ಎಂಬ ಆಜ್ಞೆ ಕೊಡುವವರೆಗೆ ಅಲ್ಲೇ ಇರುತ್ತದೆ, ರೆಕ್‌ಕೌಂಟ್ ಅದನ್ನೂ ಸೇರಿಸಿಯೇ ಹೇಳುತ್ತದೆ. ಹಾಗಾಗಿ ಹಳೆಯದರಲ್ಲಿ 5,200, ಹೊಸದರಲ್ಲಿ 5,140 ಎಂದು ಬಂದರೆ ಅರವತ್ತು ಸದಸ್ಯರು ಕಳೆದುಹೋದರು ಎಂದುಕೊಳ್ಳುವ ಮೊದಲು ಆ ಗುರುತು ಬಿದ್ದವರು ಎಷ್ಟು ಎಂದು ನೋಡಬೇಕು. ಸೆಟ್ ಡಿಲೀಟೆಡ್ ಆನ್ ಎಂದು ಹೇಳಿ ಕೌಂಟ್ ಆಜ್ಞೆ ಕೊಟ್ಟರೆ ಅಳಿಸಿದವು ಬಿಟ್ಟು ಉಳಿದ ಸಂಖ್ಯೆ ಸಿಗುತ್ತದೆ. ಇದಕ್ಕೆ ವಿರುದ್ಧದ ಪ್ರಕರಣವೂ ಇದೆ, ಅದು ಹೆಚ್ಚು ಅಪಾಯಕಾರಿ: ಸಾಗಿಸುವ ಪ್ರೋಗ್ರಾಂ ಆ ಗುರುತನ್ನು ನೋಡದೆ ಎಲ್ಲವನ್ನೂ ಹೊತ್ತು ತಂದರೆ ಎರಡೂ ಕಡೆ 5,200 ಸರಿಹೊಂದುತ್ತದೆ. ಎಂದೋ ತೀರಿಕೊಂಡವರು, ಸದಸ್ಯತ್ವ ಬಿಟ್ಟವರು ಹೊಸ ಪಟ್ಟಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ.

ಕ್ವೆರಿ ಬರೆಯುವ ಕ್ವೆರಿ

ಅಂದಾಜು ಬೇಡ, ಎಲ್ಲ ಟೇಬಲ್‌ಗಳ ಖಚಿತ ಸಂಖ್ಯೆಯೇ ಬೇಕು ಎಂದಾದರೆ ಪ್ರತಿಯೊಂದಕ್ಕೂ ಕೌಂಟ್(*) ಕೊಡುವುದು ಬಿಟ್ಟು ಬೇರೆ ದಾರಿಯಿಲ್ಲ. ಇನ್ನೂರು ಟೇಬಲ್ ಇದ್ದರೆ ಇನ್ನೂರು ಆಜ್ಞೆ. ಕೈಯಲ್ಲಿ ಬರೆದರೆ ಒಂದೆರಡು ತಪ್ಪಿಯೇ ತಪ್ಪುತ್ತವೆ, ಬಿಟ್ಟುಹೋದ ಟೇಬಲ್ ಯಾವುದೆಂದು ಗೊತ್ತಾಗುವುದೂ ಇಲ್ಲ. ಇಲ್ಲಿ ಕಾಡ್ ಅವರ ಇನ್ನೊಂದು ನಿಯಮ ನೆರವಿಗೆ ಬರುತ್ತದೆ. 1985ರಲ್ಲಿ ಅವರು ಕೊಟ್ಟ ಪಟ್ಟಿಯ ನಾಲ್ಕನೇ ನಿಯಮದ ಪ್ರಕಾರ ಡೇಟಾಬೇಸಿನ ವಿವರಣೆಯೂ ಬೇರೆ ಡೇಟಾದಂತೆಯೇ ಟೇಬಲ್‌ಗಳಲ್ಲಿ ಇರಬೇಕು, ಅದೇ ಭಾಷೆಯಲ್ಲಿ ಅದನ್ನೂ ಕೇಳಲು ಬರಬೇಕು. ಅಂದರೆ ಟೇಬಲ್‌ಗಳ ಹೆಸರುಗಳ ಪಟ್ಟಿಯೂ ಒಂದು ಟೇಬಲ್. ಆ ಹೆಸರುಗಳನ್ನು ತೆಗೆದು, ಪ್ರತಿಯೊಂದರ ಹಿಂದೆ ಮುಂದೆ ಬೇಕಾದ ಪದಗಳನ್ನು ಅಂಟಿಸುವ ಕ್ವೆರಿ ಬರೆದರೆ ಅದರ ಉತ್ತರ ಹೀಗೆ ಬರುತ್ತದೆ:

ಸೆಲೆಕ್ಟ್ 'ಸದಸ್ಯರು', ಕೌಂಟ್(*) ಫ್ರಮ್ ಸದಸ್ಯರು
ಯೂನಿಯನ್ ಆಲ್
ಸೆಲೆಕ್ಟ್ 'ಷೇರು', ಕೌಂಟ್(*) ಫ್ರಮ್ ಷೇರು
ಯೂನಿಯನ್ ಆಲ್
ಸೆಲೆಕ್ಟ್ 'ಪಿಗ್ಮಿ_ಜಮೆ', ಕೌಂಟ್(*) ಫ್ರಮ್ ಪಿಗ್ಮಿ_ಜಮೆ

ಈ ಉತ್ತರವನ್ನು ನಕಲು ಮಾಡಿ ಮತ್ತೆ ಓಡಿಸಿದರೆ ಮುಗಿಯಿತು. ಒಂದು ಕಡೆ ಟೇಬಲ್‌ನ ಹೆಸರು, ಇನ್ನೊಂದು ಕಡೆ ಸಂಖ್ಯೆ.

ಬರೆಯುವಾಗ ಮೂರ್ನಾಲ್ಕು ಕಡೆ ಗಮನ ಬೇಕು. ಇನ್ಫರ್ಮೇಷನ್ ಸ್ಕೀಮಾದ ಪಟ್ಟಿಯಲ್ಲಿ ವ್ಯೂಗಳೂ ಇರುತ್ತವೆ. ಅವು ಟೇಬಲ್‌ನ ವೇಷದಲ್ಲಿರುವ ಕ್ವೆರಿಗಳು, ಅವನ್ನೂ ಎಣಿಸಿದರೆ ಅದೇ ಸಾಲುಗಳು ಎರಡು ಸಲ ಬರುತ್ತವೆ. ಟೇಬಲ್_ಟೈಪ್ ಕಾಲಮ್‌ನಲ್ಲಿ ಬೇಸ್ ಟೇಬಲ್ ಎಂದಿರುವುದನ್ನು ಮಾತ್ರ ಆರಿಸಿ. ಒಂದೇ ಹೆಸರಿನ ಟೇಬಲ್ ಎರಡು ಸ್ಕೀಮಾಗಳಲ್ಲಿ, ಅಂದರೆ ಟೇಬಲ್‌ಗಳ ಎರಡು ಗುಂಪುಗಳಲ್ಲಿ, ಇರಬಹುದಾದ್ದರಿಂದ ಸ್ಕೀಮಾದ ಹೆಸರನ್ನೂ ಸೇರಿಸಿ. ಹೆಸರಿನ ನಡುವೆ ಖಾಲಿ ಜಾಗ ಇರುವ ಟೇಬಲ್‌ಗಳಿಗಾಗಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಆ ಚಿಹ್ನೆ ಮೈಎಸ್‌ಕ್ಯೂಎಲ್‌ನಲ್ಲಿ ಒಂದು, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್ನೊಂದು.

ಮೈಎಸ್‌ಕ್ಯೂಎಲ್‌ನಲ್ಲಿ ಗ್ರೂಪ್_ಕನ್‌ಕ್ಯಾಟ್ ಬಳಸಿ ಎಲ್ಲವನ್ನೂ ಒಂದೇ ಪಠ್ಯವಾಗಿ ಜೋಡಿಸುವವರಿಗೆ ವಿಶೇಷವಾಗಿ ಒಂದು ಮಾತು. ಅದರ ಉದ್ದದ ಮಿತಿ ಹಾಗೇ ಬಿಟ್ಟರೆ 1,024 ಬೈಟ್ ಮಾತ್ರ. ಅದನ್ನು ಮೀರಿದ್ದನ್ನು ಕತ್ತರಿಸಿ ಎಸೆಯುತ್ತದೆ. ಹತ್ತೋ ಹದಿನೈದೋ ಟೇಬಲ್ ಆಗುವಷ್ಟರಲ್ಲಿ ಆ ಮಿತಿ ಮುಗಿಯುತ್ತದೆ. ಗ್ರೂಪ್_ಕನ್‌ಕ್ಯಾಟ್_ಮ್ಯಾಕ್ಸ್_ಲೆನ್ ಎಂಬುದನ್ನು ಮೊದಲೇ ಹೆಚ್ಚಿಸಿಕೊಳ್ಳಬೇಕು.

ನಕಲು ಮಾಡಿ ಓಡಿಸುವ ಶ್ರಮವನ್ನೂ ತಪ್ಪಿಸುವ ದಾರಿಗಳಿವೆ. ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್ ಪರದೆಯಲ್ಲಿ ಕ್ವೆರಿಯ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ಜಿಎಕ್ಸೆಕ್ ಎಂದು ಬರೆದರೆ ಬಂದ ಉತ್ತರದ ಪ್ರತಿ ಕೋಶವನ್ನೂ ಅದೇ ಒಂದು ಆಜ್ಞೆಯಾಗಿ ಓಡಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಸ್‌ಪಿ_ಎಂಎಸ್‌ಫಾರ್‌ಈಚ್‌ಟೇಬಲ್ ಎಂಬ ಪ್ರೊಸೀಜರ್ ಇದೆ. ಪ್ರಶ್ನಾರ್ಥಕ ಚಿಹ್ನೆ ಇಟ್ಟ ಜಾಗದಲ್ಲಿ ಒಂದೊಂದೇ ಟೇಬಲ್‌ನ ಹೆಸರು ತುಂಬಿ ಓಡಿಸುತ್ತದೆ. ಬಹಳ ಮಂದಿ ಬಳಸುತ್ತಾರೆ, ಆದರೆ ಮೈಕ್ರೋಸಾಫ್ಟ್ ಅದನ್ನು ಕೈಪಿಡಿಯಲ್ಲಿ ದಾಖಲಿಸಿಲ್ಲ. ಒಂದು ದಿನದ ಪರಿಶೀಲನೆಗೆ ಸರಿ, ದಿನನಿತ್ಯ ಓಡುವ ಕೆಲಸವನ್ನು ಅದರ ಮೇಲೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಎಣಿಸುವಾಗ ಲೆಕ್ಕ ನಿಂತಿರಬೇಕು

ಇನ್ನೂರು ಟೇಬಲ್‌ಗಳನ್ನು ಒಂದಾದ ಮೇಲೆ ಒಂದು ಎಣಿಸುತ್ತಿರುವಾಗ ಸಂಘದ ಕೌಂಟರ್ ತೆರೆದಿದ್ದರೆ ಏನಾಗುತ್ತದೆ? ಠೇವಣಿ ಖಾತೆಗಳನ್ನು ಎಣಿಸಿದ ಮೇಲೆ ಒಬ್ಬರು ಹೊಸ ಠೇವಣಿ ಇಡುತ್ತಾರೆ. ಆಮೇಲೆ ವಹಿವಾಟಿನ ಟೇಬಲ್ ಎಣಿಸಿದರೆ ಖಾತೆಯೇ ಇಲ್ಲದ ಒಂದು ಜಮೆ ಸೇರಿರುತ್ತದೆ. ಪ್ರತಿ ಸಂಖ್ಯೆ ತನ್ನ ಕ್ಷಣಕ್ಕೆ ಸರಿ, ಒಟ್ಟಾಗಿ ನೋಡಿದರೆ ಯಾವ ಕ್ಷಣದ ಚಿತ್ರವೂ ಅಲ್ಲ. ಮುಚ್ಚಿದ ಮೇಲೆ ಎಣಿಸುತ್ತೇವೆ ಎನ್ನುವವರೂ ಪಿಗ್ಮಿ ಸಂಗ್ರಹಿಸುವವರ ಕೈಯಂತ್ರಗಳನ್ನು ಮರೆಯಬಾರದು. ಅವು ದಿನದ ವಸೂಲಿಯನ್ನು ಸಂಜೆಯ ಹೊತ್ತಿಗೆ ತಂದು ಸುರಿಯುತ್ತವೆ.

ಒಂದೇ ಕ್ಷಣದ ಚಿತ್ರ ಹಿಡಿಯುವ ಉಪಾಯವನ್ನು ಡೇಟಾಬೇಸ್‌ಗಳೇ ಕೊಟ್ಟಿವೆ. ಪೋಸ್ಟ್‌ಗ್ರೆಸ್‌ನಲ್ಲಿ ರಿಪೀಟಬಲ್ ರೀಡ್ ಮಟ್ಟದ ಟ್ರಾನ್ಸಾಕ್ಷನ್ ಶುರು ಮಾಡಿ ಅದರೊಳಗೆ ಎಲ್ಲವನ್ನೂ ಎಣಿಸಿದರೆ ಮೊದಲ ಕ್ವೆರಿಯ ಕ್ಷಣದಲ್ಲಿ ಇದ್ದದ್ದೇ ಕೊನೆವರೆಗೆ ಕಾಣುತ್ತದೆ. ಇನ್ನೋಡಿಬಿಯಲ್ಲಿ ಸ್ಟಾರ್ಟ್ ಟ್ರಾನ್ಸಾಕ್ಷನ್ ವಿತ್ ಕನ್ಸಿಸ್ಟೆಂಟ್ ಸ್ನ್ಯಾಪ್‌ಶಾಟ್, ಒರಾಕಲ್‌ನಲ್ಲಿ ಸೆಟ್ ಟ್ರಾನ್ಸಾಕ್ಷನ್ ರೀಡ್ ಓನ್ಲಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ನ್ಯಾಪ್‌ಶಾಟ್ ಮಟ್ಟವನ್ನು ಆ ಡೇಟಾಬೇಸಿಗೆ ಮೊದಲೇ ಜಾರಿ ಮಾಡಿರಬೇಕು. ಅದಿಲ್ಲದೆ, ಬೇಗ ಮುಗಿಯಲಿ, ಯಾರಿಗೂ ಅಡ್ಡಿಯಾಗದಿರಲಿ ಎಂದು ನೋಲಾಕ್ ಎಂಬ ಸೂಚನೆ ಸೇರಿಸುವ ರೂಢಿ ಅಲ್ಲಿ ವ್ಯಾಪಕವಾಗಿದೆ. ಅದು ಕಮಿಟ್ ಆಗದ ಸಾಲುಗಳನ್ನೂ ಎಣಿಸುತ್ತದೆ. ಓದುವ ಹೊತ್ತಿಗೆ ಪುಟಗಳು ಒಡೆದು ಜಾಗ ಬದಲಿಸಿದರೆ ಇರುವ ಸಾಲನ್ನೇ ಬಿಡಬಹುದು, ಇಲ್ಲವೇ ಎರಡು ಸಲ ಎಣಿಸಬಹುದು. ಜನರ ಠೇವಣಿಯ ಲೆಕ್ಕ ತಾಳೆ ನೋಡುವಾಗ ನೋಲಾಕ್ ಬಳಸಲೇಬಾರದು.

ತಾಳೆ ನೋಡುವುದು

ಎರಡೂ ಕಡೆಯ ಸಂಖ್ಯೆ ಸಿಕ್ಕ ಮೇಲೆ ಅವನ್ನು ಬರೀ ಪರದೆಯ ಮೇಲೆ ನೋಡಿ ಮುಗಿಸಬಾರದು. ಟೇಬಲ್‌ನ ಹೆಸರು, ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಎಣಿಸಿದ ದಿನಾಂಕ ಮತ್ತು ಗಂಟೆ ಇಷ್ಟನ್ನು ಒಂದು ಟೇಬಲ್‌ನಲ್ಲಿ ಉಳಿಸಿಡಿ. ಎಲ್ಲವೂ ಒಂದಕ್ಕೊಂದು ಹೊಂದಬೇಕೆಂದೇನಿಲ್ಲ. ಹಳೆಯ ತಂತ್ರಾಂಶದ ಒಂದು ಟೇಬಲ್ ಹೊಸದರಲ್ಲಿ ಎರಡಾಗಿರಬಹುದು, ಮುಗಿದ ಖಾತೆಗಳು ಬೇರೆ ಕಡೆ ಹೋಗಿರಬಹುದು. ಯಾವುದು ಯಾವುದಕ್ಕೆ ಸಮ ಎಂಬುದನ್ನು ಸಾಗಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಆಮೇಲೆ ಬರೆದರೆ ಬಂದ ಸಂಖ್ಯೆಗೆ ಹೊಂದುವಂತೆ ಕಾರಣ ಹುಡುಕುವ ಆಸೆ ಬರುತ್ತದೆ.

ಒಂದು ಸಾಲು ಏನನ್ನು ಹೇಳುತ್ತದೆ ಎಂಬುದೂ ಮನಸ್ಸಿನಲ್ಲಿರಲಿ. ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಕೊಡಗಿನ ಜಮ್ಮಾ ಭೂಮಿಯಲ್ಲಿ ಒಂದೇ ಸರ್ವೆ ನಂಬರಿಗೆ ಕುಟುಂಬದ ಹಲವರ ಹೆಸರು ಇರುವುದು ಸಾಮಾನ್ಯ. ಜಮೀನಿನ ಟೇಬಲ್‌ನಲ್ಲಿ ಪ್ರತಿ ಹೆಸರಿಗೆ ಒಂದು ಸಾಲಿದ್ದರೆ ಸಾಲುಗಳ ಸಂಖ್ಯೆ ಜಮೀನುಗಳ ಸಂಖ್ಯೆಗಿಂತ ಬಹಳ ಹೆಚ್ಚಿರುತ್ತದೆ. ಹೊಸ ತಂತ್ರಾಂಶ ಪ್ರತಿ ಸರ್ವೆ ನಂಬರಿಗೆ ಒಂದೇ ಸಾಲು ಇಡುವಂತಿದ್ದರೆ ಸಂಖ್ಯೆ ಇಳಿಯುತ್ತದೆ. ಆಗ ಕೇಳಬೇಕಾದದ್ದು, ಉಳಿದ ಹೆಸರುಗಳು ಎಲ್ಲಿ ಹೋದವು ಎಂದು.

ಸಾಲುಗಳ ಸಂಖ್ಯೆ ಸರಿಹೊಂದಿದರೂ ಒಳಗಿನ ವಿವರ ಕೆಟ್ಟಿರಬಹುದು. ನುಡಿ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಯೂನಿಕೋಡ್ ಅಲ್ಲದ ರೀತಿಯಲ್ಲಿ ತುಂಬಿದ ಕನ್ನಡ ಹೆಸರುಗಳು ಪರಿವರ್ತನೆಯಲ್ಲಿ ಕಲಸಿಹೋಗಬಹುದು, ಸಾಲು ಮಾತ್ರ ಅಷ್ಟೇ ಇರುತ್ತದೆ. ಹಣದ ಕಾಲಮ್‌ಗಳ ಮೊತ್ತವನ್ನು ಪೈಸೆಯವರೆಗೆ ಕೂಡಿಸಿ ಎರಡೂ ಕಡೆ ಹೋಲಿಸುವುದು, ಹಳೆಯ ಮತ್ತು ಹೊಸ ದಿನಾಂಕಗಳ ಎರಡು ತುದಿ ನೋಡುವುದು, ಅಲ್ಲಲ್ಲಿ ಹತ್ತಿಪ್ಪತ್ತು ಸದಸ್ಯರ ಪಾಸ್‌ಬುಕ್ ತರಿಸಿ ತಾಳೆ ಮಾಡುವುದು ಎಣಿಕೆಯ ನಂತರದ ಹೆಜ್ಜೆಗಳು.

ಸಂಖ್ಯೆ ಹೊಂದದಿದ್ದಾಗ ಯಾವ ಸಾಲು ಬಂದಿಲ್ಲ ಎಂದು ಹುಡುಕಲು ಹಳೆಯ ಪಟ್ಟಿಯನ್ನು ಹೊಸ ಡೇಟಾಬೇಸಿನಲ್ಲಿ ತಾತ್ಕಾಲಿಕ ಟೇಬಲ್ಲಾಗಿ ತಂದಿಟ್ಟು, ನಾಟ್ ಎಕ್ಸಿಸ್ಟ್ಸ್ ಷರತ್ತಿನಿಂದ ‘ಇಲ್ಲಿದ್ದು ಅಲ್ಲಿಲ್ಲದ’ ಸದಸ್ಯ ಸಂಖ್ಯೆಗಳನ್ನು ತೆಗೆಯಬೇಕು. ಕಾರಣಗಳು ಸಾಮಾನ್ಯವಾಗಿ ಎರಡೇ ಗುಂಪಿಗೆ ಸೇರುತ್ತವೆ. ಫಾಕ್ಸ್‌ಪ್ರೊ ದಿನಾಂಕವನ್ನು ಖಾಲಿ ಬಿಡಲು ಒಪ್ಪುತ್ತದೆ, ಹೊಸ ಡೇಟಾಬೇಸ್ ಒಪ್ಪದೆ ಆ ಸಾಲನ್ನು ತಳ್ಳಿಬಿಡುತ್ತದೆ. ಇಲ್ಲವೇ ಹಳೆಯದರಲ್ಲಿ ಒಂದೇ ಸದಸ್ಯ ಸಂಖ್ಯೆ ಇಬ್ಬರಿಗೆ ಬಿದ್ದಿರುತ್ತದೆ, ಒಂದು ಸಂಖ್ಯೆ ಒಂದೇ ಸಲ ಬರಲು ಬಿಡುವ ಹೊಸದರ ಪ್ರೈಮರಿ ಕೀ ಎರಡನೆಯವರನ್ನು ಒಳಗೆ ಬಿಡುವುದಿಲ್ಲ. ಎರಡನೆಯ ಬಗೆಯದನ್ನು ನಾಟ್ ಎಕ್ಸಿಸ್ಟ್ಸ್ ಹಿಡಿಯುವುದಿಲ್ಲ, ಏಕೆಂದರೆ ಆ ಸಂಖ್ಯೆ ಹೊಸದರಲ್ಲಿ ಇದ್ದೇ ಇದೆ. ಹಳೆಯ ಪಟ್ಟಿಯನ್ನು ಸದಸ್ಯ ಸಂಖ್ಯೆಯ ಮೇಲೆ ಗುಂಪು ಮಾಡಿ, ಒಂದಕ್ಕಿಂತ ಹೆಚ್ಚು ಸಲ ಬಂದವನ್ನು ಬೇರೆಯಾಗಿ ತೆಗೆಯಬೇಕು. ಈ ಎರಡೂ ಪಟ್ಟಿಗಳನ್ನು ಮುದ್ರಿಸಿ ಸಂಘದ ಗುಮಾಸ್ತರ ಕೈಗೆ ಕೊಡಿ. ಯಾರ ದಿನಾಂಕ ಯಾವುದು, ಯಾರಿಗೆ ಹೊಸ ಸಂಖ್ಯೆ ಕೊಡಬೇಕು ಎಂಬುದನ್ನು ಅವರೇ ಲೆಡ್ಜರ್ ತೆರೆದು ತೀರ್ಮಾನಿಸಲಿ. ತಿದ್ದಿ ತುಂಬಿದ ಮೇಲೆ ಎಲ್ಲ ಟೇಬಲ್‌ಗಳನ್ನೂ ಮೊದಲಿಂದ ಇನ್ನೊಮ್ಮೆ ಎಣಿಸಿ, ಆ ಪಟ್ಟಿಗೆ ಕಾರ್ಯದರ್ಶಿಯ ಸಹಿ ಹಾಕಿಸಿದ ನಂತರವೇ ಹಳೆಯ ಕಂಪ್ಯೂಟರನ್ನು ನಿಲ್ಲಿಸಿ.